ಹಳೆ ಕೈಗರಗಸಕ್ಕೆ ಯಾವ ಅರ? ಜೆಕೆ ಟೇಪರ್ ಸಾ ಫೈಲ್ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡೋಣ. ಹಳೆ ಕೈಗರಗಸ ಹರಿತ ಮಾಡಲು ಜೆಕೆ ಕಂಪನಿಯ ಟೇಪರ್ ಸಾ ಫೈಲ್, ಅಂದರೆ ಗರಗಸಕ್ಕೆಂದೇ ಮಾಡಿದ ಮೂರು ಮೂಲೆಯ ಅರ, ಸಾಕು, ಅದಕ್ಕಿಂತ ತುಟ್ಟಿಯದು ಬೇಕಾಗಿಲ್ಲ. ಆದರೆ ನಮೂನೆ ಸರಿ ಇರಬೇಕು, ಅಳತೆ ಸರಿ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಒಳ್ಳೆಯ ಗರಗಸ ಕೆಡುತ್ತದೆ, ಬೈಗುಳ ಮಾತ್ರ ಅರಕ್ಕೆ ಬೀಳುತ್ತದೆ. ಸೂಟಿನ ಬಟ್ಟೆಗೆ ಹೆಸರಾದ ರೇಮಂಡ್ ಬಳಗದಿಂದಲೇ ಬಂದ ಬ್ರ್ಯಾಂಡ್ ಇದು ಎಂಬುದು ಬಡಿಗೇರರಲ್ಲೂ ಎಲ್ಲರಿಗೆ ಗೊತ್ತಿರುವುದಿಲ್ಲ. ಸಣ್ಣ ಅಳತೆಯವು ಸಾಮಾನ್ಯವಾಗಿ ನೂರಿನ್ನೂರು ರೂಪಾಯಿಯೊಳಗೆ ಬರುತ್ತವೆ.

ನಮೂನೆಯ ಮಾತು. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಲಿನ ಪೇಟೆಯಲ್ಲಾಗಲಿ, ಗದಗ-ಬೆಟಗೇರಿಯಲ್ಲಾಗಲಿ, ರಾಣೆಬೆನ್ನೂರಿನಲ್ಲಾಗಲಿ "ತ್ರಿಕೋನ ಫೈಲ್ ಕೊಡ್ರಿ" ಎಂದಷ್ಟೇ ಕೇಳಿದರೆ ಎರಡು ಬೇರೆ ಸಾಮಾನುಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದು ಕೌಂಟರಿಗೆ ಬರುತ್ತದೆ. ಒಂದು, ಫಿಟ್ಟರ್‌ಗಳು ಬಳಸುವ ತ್ರೀ ಸ್ಕ್ವೇರ್ ಫೈಲ್. ಇನ್ನೊಂದು, ಗರಗಸಕ್ಕೆಂದೇ ಮಾಡಿದ ಟೇಪರ್ ಸಾ ಫೈಲ್. ಎರಡಕ್ಕೂ ಮೂರು ಮೈ, ಎರಡರದೂ 60 ಡಿಗ್ರಿ ಮೂಲೆ. "ಎಲ್ಲಾ ಒಂದ ರೀ, ಯಾವ್ದಾದ್ರೂ ತಗೊಳ್ರಿ" ಎಂಬ ಮಾತಿಗೆ ತಲೆಯಾಡಿಸಬೇಡಿ. ಮೈ ಮೇಲಿನ ಗೆರೆ ನೋಡಿ: ಗೆರೆಗಳು ಒಂದನ್ನೊಂದು ದಾಟಿ ಸಣ್ಣ ಸಣ್ಣ ವಜ್ರದಾಕಾರ ಮೂಡಿದ್ದರೆ ಅದು ಫಿಟ್ಟರ್‌ಗಳದ್ದು. ಗೆರೆಗಳೆಲ್ಲ ಒಂದೇ ದಿಕ್ಕಿಗೆ ಓರೆಯಾಗಿದ್ದರೆ ಗರಗಸದ್ದು. ಆಮೇಲೆ ಉಗುರನ್ನು ಮೂಲೆಯ ಉದ್ದಕ್ಕೆ ಎಳೆದು ನೋಡಿ. ಗರಗಸದ ಅರದ ಮೂಲೆ ಚೂಪಾಗಿರದೆ ತುಸು ಮೊಂಡಾಗಿರುತ್ತದೆ, ಆ ಮೊಂಡು ಮೂಲೆಯ ಮೇಲೂ ಹಲ್ಲು ಕಡಿದಿರುತ್ತಾರೆ. ಉಗುರಿಗೆ ಗರಗರ ಸಿಗಬೇಕು.

ಇದು ಯಾಕೆ ಮುಖ್ಯ ಎಂದರೆ, ಎರಡು ಹಲ್ಲಿನ ನಡುವಿನ ಸಂದಿನ ತಳವನ್ನು ಕೊರೆಯುವುದು ಅರದ ಮೈಯಲ್ಲ, ಮೂಲೆ. ಫಿಟ್ಟರ್ ಅರದ ಮೂಲೆ ಚೂಪಾಗಿದ್ದು ಹಲ್ಲಿಲ್ಲದೆ ಇರುತ್ತದೆ. ಹಾಗಾಗಿ ತಳ ಸರಿಯಾಗಿ ಕೊರೆಯುವುದಿಲ್ಲ, ನಾಲ್ಕೆಂಟು ಸಂದು ಮುಗಿಯುವುದರೊಳಗೆ ಮೂಲೆಯೇ ಉದುರತೊಡಗುತ್ತದೆ. ಕೊರೆದರೂ ತಳದಲ್ಲಿ ಚೂಪು ಗೀರು ಬೀಳುತ್ತದೆ. ಆಮೇಲೆ ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಎಡಬಲಕ್ಕೆ ಬಾಗಿಸುವಾಗ (ಸೆಟ್ ಮಾಡುವುದು ಎಂದರೆ ಇದೇ) ಉಕ್ಕು ಸೀಳುವುದು ಆ ಗೀರಿನಿಂದಲೇ.

ಇನ್ನು ಅಳತೆ. ಅಂಗಡಿಗೆ ಹೋಗುವ ಮೊದಲು ಗರಗಸದ ಮೇಲೆ ಸ್ಕೇಲ್ ಇಟ್ಟು ಒಂದಿಂಚಿನಲ್ಲಿ ಎಷ್ಟು ಮೊನೆ ಬರುತ್ತವೆ ಎಣಿಸಿ. ಸ್ಕೇಲಿನ ಸೊನ್ನೆ ಒಂದು ಮೊನೆಯ ಮೇಲಿರಬೇಕು, ಎರಡೂ ತುದಿಯ ಮೊನೆಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಎಂಟು ಮೊನೆ ಎಂದರೆ ನಡುವೆ ಏಳು ಸಂದು. ಆಗ ಮೊನೆಯಿಂದ ಮೊನೆಗೆ ಅಂತರ 25.4 ಭಾಗಿಸು 7, ಅಂದರೆ ಸುಮಾರು 3.6 ಮಿಲಿಮೀಟರ್. ಅರದ ಒಂದು ಮೈಯ ಅಗಲ ಈ ಅಂತರದ ಎರಡರಷ್ಟಕ್ಕಿಂತ ತುಸು ಹೆಚ್ಚಿರಬೇಕು, ಎಂಟು ಮೊನೆಯ ಗರಗಸಕ್ಕೆ 7.3 ಮಿಲಿಮೀಟರ್ ದಾಟಿರಬೇಕು. ಹತ್ತು ಮೊನೆಗೆ 5.7, ಹನ್ನೆರಡಕ್ಕೆ 4.6, ಆರು ಮೊನೆಯ ದಪ್ಪ ಹಲ್ಲಿನ ಸೀಳು ಗರಗಸಕ್ಕೆ 10.2 ದಾಟಬೇಕು. ಅಗಲ ಅಳೆಯಬೇಕಾದ್ದು ಅರದ ನಡುಭಾಗದಲ್ಲಿ. ತುದಿಯ ಕಡೆ ಅದು ಸಣ್ಣಗಾಗುತ್ತ ಹೋಗುತ್ತದೆ, ಹೆಸರಿನ ಟೇಪರ್ ಅದೇ.

ಎರಡರಷ್ಟೇ ಯಾಕೆ? ಅರಕ್ಕೆ ಮೂರು ಮೂಲೆ. ಒಂದು ಮೂಲೆ ಕೆಳಗಿರುವಾಗ ಅದರ ಎರಡು ಮಗ್ಗುಲ ಮೈಗಳ ಕೆಳಗಿನ ಅರ್ಧ ಮಾತ್ರ ಸವೆಯಬೇಕು. ಆಗ ಅರ ತಿರುಗಿಸಿದಾಗ ಉಳಿದರ್ಧ ಹೊಸದಾಗಿಯೇ ಸಿಗುತ್ತದೆ. ಅರ ಸಣ್ಣದಾದರೆ ಮೈಯ ನಡುಪಟ್ಟಿ ಎರಡೆರಡು ಸಲ ಸವೆದು, ಮೂರು ಮೂಲೆಯ ಅರದಿಂದ ಒಂದೂವರೆ ಮೂಲೆಯ ಕೆಲಸವೂ ಬರುವುದಿಲ್ಲ. ದೊಡ್ಡದಾದರೆ ತೊಂದರೆ ಬೇರೆ: ಅರ ದೊಡ್ಡದಾದಷ್ಟೂ ಅದರ ಮೂಲೆಯ ಮೊಂಡು ಹೆಚ್ಚು. ಸಣ್ಣ ಹಲ್ಲಿನ ಸಂದಿಗೆ ಅದು ತಳ ಮುಟ್ಟದೆ, ಸಂದು ಆಳವಿಲ್ಲದೆ ಉಳಿದು, ಪುಡಿ ನಿಲ್ಲಲು ಜಾಗ ಸಾಲದೆ ಗರಗಸ ಕಟ್ಟುತ್ತದೆ. ಪೇಟೆಯಲ್ಲಿ ನಡೆಯುವ ಸಾಮಾನ್ಯ ತಪ್ಪು ಈ ಎರಡನೆಯದು. ಎಲ್ಲದಕ್ಕೂ ಒಂದೇ ಏಳಿಂಚಿನ ಅರ.

ಡಬ್ಬಿಯ ಮೇಲೆ ಉದ್ದದ ಜೊತೆ ಸ್ಲಿಮ್, ಎಕ್ಸ್‌ಟ್ರಾ ಸ್ಲಿಮ್, ಡಬಲ್ ಎಕ್ಸ್‌ಟ್ರಾ ಸ್ಲಿಮ್ ಎಂದಿರುತ್ತದೆ. ಉದ್ದ ಒಂದೇ, ದಪ್ಪ ಕಡಿಮೆಯಾಗುತ್ತ ಹೋಗುತ್ತದೆ. ಏಳು ಮೊನೆಗೆ 7 ಇಂಚಿನ ಸ್ಲಿಮ್, ಎಂಟಕ್ಕೆ 6 ಇಂಚಿನ ಸ್ಲಿಮ್, ಹತ್ತಕ್ಕೆ 6 ಅಥವಾ 5 ಇಂಚಿನ ಎಕ್ಸ್‌ಟ್ರಾ ಸ್ಲಿಮ್, ಹನ್ನೆರಡಕ್ಕೆ 5 ಇಂಚಿನ ಎಕ್ಸ್‌ಟ್ರಾ ಸ್ಲಿಮ್, ಬೆನ್ನುಪಟ್ಟಿಯ ಸಣ್ಣ ಗರಗಸಗಳ ಹದಿನಾಲ್ಕು ಮೊನೆ ಮತ್ತು ಅದರಾಚೆಗೆ 4 ಇಂಚಿನವು. ಇದರಲ್ಲಿ 6 ಮತ್ತು 7 ಇಂಚಿನವು ಸಿಗುವುದು ಕಷ್ಟವಲ್ಲ. 4 ಇಂಚಿನ ಡಬಲ್ ಎಕ್ಸ್‌ಟ್ರಾ ಸ್ಲಿಮ್ ಮಾತ್ರ ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಬೇಕು, ಇಲ್ಲವೇ ಆನ್‌ಲೈನ್ ತರಿಸಬೇಕು. ಕೇಳುವಾಗ ಮಾತು ಪೂರ್ತಿ ಇರಲಿ: "ಕರಗಸಾ ಹರಿತ ಮಾಡೋ ಅರ ಕೊಡ್ರಿ, ಟೇಪರ್ ಸಾ ಫೈಲ್, ಆರಿಂಚಿಂದು, ಸ್ಲಿಮ್."

ಯಾವ ಬ್ರ್ಯಾಂಡೇ ಆಗಲಿ, ಒಂದೇ ಡಬ್ಬಿಯ ಅರಗಳೆಲ್ಲ ಒಂದೇ ಸಮ ಇರುವುದಿಲ್ಲ. ಮೂರೂ ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಮೂಲೆಯ ಗುಂಟ ಹೊಳೆಯುವ ಬಿಳಿ ಚುಕ್ಕೆ ಕಂಡರೆ ಅಲ್ಲಿ ಹಲ್ಲು ಉದುರಿದೆ ಎಂದರ್ಥ. ಕಣ್ಣಿಗೆ ನೇರ ಹಿಡಿದು ಡೊಂಕು ಇದೆಯೇ ನೋಡಿ. ತುಕ್ಕಿನ ಕಲೆ ಇದ್ದದ್ದು ಬೇಡವೇ ಬೇಡ.

ಅರ ಕೊಳ್ಳುವುದಕ್ಕೂ ಮೊದಲು ನಿಮ್ಮ ಗರಗಸ ಅರಕ್ಕೆ ಒಗ್ಗುವಂಥದ್ದೇ ಎಂದು ತಿಳಿಯಬೇಕು. ಹಳೆಯ ಕೈಗರಗಸಗಳ ಸ್ಪ್ರಿಂಗ್ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ ಸುಮಾರು 50ರ ಆಸುಪಾಸು, ಅರದ್ದು 60ರ ಮೇಲೆ. ಈ ಅಂತರ ಇರುವುದರಿಂದಲೇ ಅರ ಕಡಿಯುತ್ತದೆ. ಈಗಿನ ಪ್ಲಾಸ್ಟಿಕ್ ಹಿಡಿಯ ಗರಗಸಗಳಲ್ಲಿ ಹಲವಕ್ಕೆ ಹಲ್ಲಿನ ತುದಿಯನ್ನಷ್ಟೇ ವಿದ್ಯುತ್ತಿನಿಂದ ಕಾಯಿಸಿ ಗಡಸು ಮಾಡಿರುತ್ತಾರೆ. ತುದಿ ನೀಲಿಗಪ್ಪಾಗಿ ಕಾಣುತ್ತದೆ. ಅದು ಅರದಷ್ಟೇ ಗಟ್ಟಿ. ಅದರ ಮೇಲೆ ಅರ ಜಾರುತ್ತದೆ, ಎರಡೇ ಎಳೆತದಲ್ಲಿ ಹೊಸ ಅರದ ಮೂಲೆ ಹೋಗುತ್ತದೆ. ಅಂಥ ಗರಗಸ ಮೊಂಡಾದರೆ ಮುಗಿಯಿತು. ಹಳೆಯದರ ಬೆಲೆ ಇರುವುದು ಇಲ್ಲಿಯೇ. ಗುಜರಿಯಲ್ಲೋ ಮನೆಯ ಅಟ್ಟದಲ್ಲೋ ಸಿಗುವ ಶೆಫೀಲ್ಡಿನ ಸ್ಪಿಯರ್ ಅಂಡ್ ಜಾಕ್ಸನ್, 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಡಿಸ್ಟನ್, ಹೆಸರೇ ಅಳಿಸಿಹೋದ ಇನ್ಯಾವುದೋ ಗರಗಸ, ಎಲ್ಲವೂ ಪಟ್ಟಿ ಸವೆದು ಕಿರಿದಾಗುವವರೆಗೆ ಅರಕ್ಕೆ ಬಗ್ಗುತ್ತವೆ. ಹಿಡಿಯ ಹಿತ್ತಾಳೆ ಬಿಲ್ಲೆಯ ಮೇಲೆ "ವಾರಂಟೆಡ್ ಸುಪೀರಿಯರ್" ಎಂದಷ್ಟೇ ಇದ್ದರೆ ಅದು ಕಂಪನಿಯ ಹೆಸರಲ್ಲ, ಕಡಿಮೆ ಬೆಲೆಯ ಸಾಲಿಗೆ ಹಲವರು ಹಾಕುತ್ತಿದ್ದ ಸಾಮಾನ್ಯ ಬಿಲ್ಲೆ. ಬೆಲೆ ಚೌಕಾಸಿ ಮಾಡುವಾಗ ಇದು ನೆನಪಿರಲಿ.

ಅರ ಹಾಕಿ ಪ್ರಯೋಜನವಿಲ್ಲದ ಗರಗಸಗಳೂ ಇವೆ. ಹಲ್ಲಿನ ಸಾಲಿನ ಹತ್ತಿರ ತುಕ್ಕು ಆಳವಾಗಿ ಗುಳಿ ತಿಂದಿದ್ದರೆ ಮೊನೆ ನಿಲ್ಲುವುದಿಲ್ಲ, ಬಾಗಿಸುವಾಗ ಹಲ್ಲು ಮುರಿಯುತ್ತದೆ. ಪಟ್ಟಿಯನ್ನು ಕೈಯಿಂದ ಬಾಗಿಸಿ ಬಿಟ್ಟಾಗ ನೇರಕ್ಕೆ ಮರಳದೆ ಒಂದೆಡೆ ಮಡಿಕೆ ಉಳಿದರೆ ಅದನ್ನು ಕೊಳ್ಳಬೇಡಿ. ಮೇಲ್ಮೈ ತುಕ್ಕು ದೊಡ್ಡ ವಿಷಯವಲ್ಲ. ಮಳೆಗಾಲದ ಧಾರವಾಡ, ಕಲಘಟಗಿ, ಅಳ್ನಾವರದ ಕಡೆ ಅದಿಲ್ಲದ ಗರಗಸ ಸಿಗುವುದೇ ಅಪರೂಪ. ಚಪ್ಪಟೆ ಕಟ್ಟಿಗೆ ತುಂಡಿಗೆ 220, ಆಮೇಲೆ 400 ನಂಬರಿನ ನೀರುಕಾಗದ ಸುತ್ತಿ, ಡೀಸೆಲ್ ಹಚ್ಚಿ, ಹಿಡಿಯಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಸಾಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರ್ ನೀರಿಗೆ 50 ಗ್ರಾಂ ಕರಗಿಸಿ ಅದ್ದಿಡುವವರಿದ್ದಾರೆ. ತುಕ್ಕೇನೋ ಹೋಗುತ್ತದೆ, ಆದರೆ ಉಕ್ಕು ಬೂದಿ ಬಣ್ಣಕ್ಕೆ ತಿರುಗುತ್ತದೆ, ಪಟ್ಟಿಯ ಮೇಲಿನ ಹಳೆಯ ಮುದ್ರೆಯೂ ಮಾಸುತ್ತದೆ. ರಾತ್ರಿಯಿಡೀ ಬಿಟ್ಟರೆ ಮೈಯೇ ಒರಟಾಗುತ್ತದೆ.

ಈಗ ಅರದ ಕೆಲಸ. ಹಿಡಿಯಿಲ್ಲದೆ ಅರ ಹಿಡಿಯಬೇಡಿ, ಚೂಪು ಬಾಲ ಅಂಗೈಗೆ ಇಳಿಯುತ್ತದೆ. ಮರದ ಹಿಡಿ ಸಿಗದಿದ್ದರೆ ಕಾಳು ಬಿಡಿಸಿ ಒಣಗಿಸಿದ ಗೋವಿನಜೋಳದ ದಿಂಡು ಚೆನ್ನಾಗಿ ಒಗ್ಗುತ್ತದೆ. ಹಾವೇರಿ ಜಿಲ್ಲೆಯಲ್ಲಂತೂ ಅದಕ್ಕೆ ಬರವಿಲ್ಲ. ಅರದ ಮೈಗೆ ಸೀಮೆಸುಣ್ಣ ತಿಕ್ಕಿ, ಪುಡಿ ಅಂಟುವುದಿಲ್ಲ. ಎಣ್ಣೆ ಹಚ್ಚಬೇಡಿ, ಅರ ಜಾರುತ್ತದೆ. ಮೂರು ಮೂಲೆಗೆ ಮಾರ್ಕರಿನಿಂದ ಒಂದು, ಎರಡು, ಮೂರು ಎಂದು ಬಾಲದ ಕಡೆ ಬರೆದಿಡಿ. ಯಾವ ಮೂಲೆ ಸವೆದಿದೆ ಎಂಬುದು ನೆನಪಿನ ಮೇಲೆ ನಿಲ್ಲುವುದಿಲ್ಲ.

ಗರಗಸ ಹಿಡಿದಿಡಲು ಎರಡು ನೇರ ಹಲಗೆ, ನಡುವೆ ಪಟ್ಟಿ, ಎರಡು ಕಡೆ ಕ್ಲ್ಯಾಂಪ್ ಅಥವಾ ಬೋಲ್ಟು. ಹಲ್ಲಿನ ಸಂದಿನ ತಳ ಹಲಗೆಯಿಂದ ಮೂರರಿಂದ ಐದು ಮಿಲಿಮೀಟರ್ ಮಾತ್ರ ಮೇಲಿರಬೇಕು. ಅದಕ್ಕಿಂತ ಮೇಲಿದ್ದರೆ ಪಟ್ಟಿ ನಡುಗಿ ಕಿರ್ರೆಂದು ಕಿರುಚುತ್ತದೆ. ಆ ಸದ್ದು ಕಿವಿಗಷ್ಟೇ ಕೆಟ್ಟದ್ದಲ್ಲ, ಅರದ ಹಲ್ಲನ್ನೂ ಉದುರಿಸುತ್ತದೆ. ಹೊಸ ಅರ ಎರಡು ದಿನದಲ್ಲಿ ಸವೆಯಿತು ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ, ಉಕ್ಕಿನ ಗುಣವಲ್ಲ.

ಮೊದಲ ಕೆಲಸ ಮೂರು ಮೂಲೆ ಅರದ್ದಲ್ಲ, 8 ಇಂಚಿನ ಚಪ್ಪಟೆ ಅರದ್ದು. ಅದನ್ನು ಹಲ್ಲುಗಳ ನೆತ್ತಿಯ ಮೇಲೆ ಉದ್ದಕ್ಕೆ, ಓಲಾಡದಂತೆ, ಹಗುರವಾಗಿ ಎಳೆಯಬೇಕು. ಎತ್ತರದ ಹಲ್ಲುಗಳ ತುದಿ ಚಪ್ಪಟೆಯಾಗಿ ಬೆಳಕಿಗೆ ಹೊಳೆಯುತ್ತದೆ. ಎಲ್ಲ ಹಲ್ಲಿನ ಮೇಲೂ ಒಂದು ಸಣ್ಣ ಹೊಳಪು ಬರುವವರೆಗೆ ಎಳೆಯಿರಿ. ತೀರ ಗಿಡ್ಡಾಗಿರುವ ಒಂದೆರಡನ್ನು ಹಾಗೇ ಬಿಡಿ, ಅವುಗಳಿಗಾಗಿ ಉಳಿದವನ್ನೆಲ್ಲ ಸವೆಸುವುದು ದಂಡ. ಆ ಹೊಳಪೇ ಮುಂದಿನ ಕೆಲಸಕ್ಕೆ ದಾರಿ: ಮೂರು ಮೂಲೆ ಅರದಿಂದ ಸಂದಿನಲ್ಲಿ ಉಜ್ಜುತ್ತ ಹೊಳಪು ಕಣ್ಮರೆಯಾದ ಕ್ಷಣಕ್ಕೆ ನಿಲ್ಲಿಸಬೇಕು. ಇನ್ನೊಂದು ಎಳೆತ ಹಾಕಿದರೂ ಆ ಹಲ್ಲು ಗಿಡ್ಡಾಗುತ್ತದೆ. ಒಂದು ಹಲ್ಲು ದೊಡ್ಡದು, ಪಕ್ಕದ್ದು ಸಣ್ಣದು ಎಂಬಂತೆ ಸಾಲು ಬಿದ್ದಿದ್ದರೆ, ಹೊಳಪು ಅಗಲವಾಗಿರುವ ಹಲ್ಲಿನ ಕಡೆಗೆ ಅರವನ್ನು ಒತ್ತಿ ಉಜ್ಜಬೇಕು. ತೀರ ಹಾಳಾಗಿದ್ದರೆ ಒಂದೇ ಸಲಕ್ಕೆ ಸರಿಹೋಗುವುದಿಲ್ಲ, ಮತ್ತೆ ನೆತ್ತಿ ಸಮ ಮಾಡಿ ಮತ್ತೆ ಉಜ್ಜಬೇಕು.

ಅರ ಕಡಿಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಿಬಿಡಿ. ಎಂಟು ಮೊನೆಯ 26 ಇಂಚಿನ ಗರಗಸದಲ್ಲಿ 182 ಸಂದುಗಳಿರುತ್ತವೆ. ಒಂದಕ್ಕೆ ಮೂರು ಎಳೆತ ಎಂದರೂ 546. ಅಷ್ಟೂ ಸಲ ಉಜ್ಜುತ್ತಲೇ ಹಿಂದಕ್ಕೆ ಎಳೆದರೆ ಅರದ ಗತಿ ಏನು, ನೀವೇ ಲೆಕ್ಕ ಹಾಕಿ.

ಕೋನಗಳ ವಿಷಯದಲ್ಲಿ ಪುಸ್ತಕಕ್ಕಿಂತ ನಿಮ್ಮ ಕಟ್ಟಿಗೆ ದೊಡ್ಡದು. ನಾರಿನ ಗುಂಟ ಸೀಳಲು ಅರವನ್ನು ಪಟ್ಟಿಗೆ ನೇರ ಅಡ್ಡ ಹಿಡಿಯಬೇಕು, ಹಲ್ಲಿನ ಎದೆ (ಕಟ್ಟಿಗೆ ಕಡಿಯುವ ಮುಂದಿನ ಮೈ) ಲಂಬಕ್ಕಿಂತ ಸೊನ್ನೆಯಿಂದ 8 ಡಿಗ್ರಿಯಷ್ಟೇ ಹಿಂದಕ್ಕೆ ವಾಲಿರಬೇಕು. ನಾರಿಗೆ ಅಡ್ಡ ಕೊಯ್ಯಲು ಎದೆ ಸುಮಾರು 15 ಡಿಗ್ರಿ ಹಿಂದಕ್ಕೆ, ಜೊತೆಗೆ ಅರ 20 ಡಿಗ್ರಿ ಓರೆ. ಗರಗಸದ ಹಿಡಿ ನಿಮ್ಮ ಬಲಕ್ಕಿರಲಿ. ನಿಮ್ಮ ಕಡೆಗೆ ಬಾಗಿದ ಹಲ್ಲಿನ ಎಡಗಡೆಯ ಸಂದಿಗೆ ಅರ ಇಟ್ಟು, ಅರದ ಹಿಡಿಯನ್ನು ಎಡಕ್ಕೆ ಸರಿಸಿ ಓರೆ ಮಾಡಿ. ಹಾಗೆ ಮಾಡಿದರೆ ಚೂಪು ಮೊನೆ ಹಲ್ಲಿನ ಹೊರಮಗ್ಗುಲಿಗೆ ಬರುತ್ತದೆ, ಬೇಕಾದದ್ದು ಅದೇ. ಒಂದು ಸಂದು ಬಿಟ್ಟು ಒಂದರಂತೆ ಕೊನೆಯವರೆಗೆ ಹೋಗಿ, ಗರಗಸ ತಿರುಗಿಸಿ, ಬಿಟ್ಟ ಸಂದುಗಳನ್ನು ಆ ಕಡೆಯಿಂದ ಉಜ್ಜಬೇಕು. ಇದೆಲ್ಲ ತಳ್ಳಿ ಕೊಯ್ಯುವ ಗರಗಸಕ್ಕೆ. ಕೂತು, ಕಾಲಲ್ಲಿ ಕಟ್ಟಿಗೆ ಒತ್ತಿ, ಎಳೆದು ಕೊಯ್ಯುವ ದೇಶೀ ಗರಗಸದ ಹಲ್ಲು ಹಿಡಿಯ ಕಡೆಗೆ ಮುಖ ಮಾಡಿರುತ್ತದೆ. ಅದರಲ್ಲಿ ಎಡಬಲ ಅದಲುಬದಲು. ನೋಡದೆ ಉಜ್ಜಿದರೆ ಹಲ್ಲಿನ ಬೆನ್ನು ಎದೆಯಾಗುತ್ತದೆ.

ಎದೆಯ ಕೋನ ಕೈ ತಪ್ಪದಿರಲು ಒಂದು ಉಪಾಯ: ಎರಡಿಂಚಿನ ಕಟ್ಟಿಗೆ ತುಂಡಿಗೆ ತೂತು ಕೊರೆದು ಅರದ ತುದಿಗೆ ಸಿಕ್ಕಿಸಿ. ಬೇಕಾದ ಕೋನದಲ್ಲಿ ಅರ ಕೂತಾಗ ತುಂಡಿನ ಮೇಲಂಚು ನೆಲಕ್ಕೆ ಸಮವಾಗಿರುವಂತೆ ತಿರುಗಿಸಿಡಿ. ಪ್ರತಿ ಸಂದಿನಲ್ಲೂ ಆ ಅಂಚು ಸಮವಾಗಿದ್ದರೆ ಕೋನ ಸರಿ ಇದ್ದಂತೆ.

ಹಲ್ಲು ಬಾಗಿಸುವ ಸೆಟ್ ಇಕ್ಕಳದ ಬಗ್ಗೆ ಎರಡು ಮಾತು, ಯಾಕೆಂದರೆ ಅರ ಎಷ್ಟೇ ಒಳ್ಳೆಯದಿದ್ದರೂ ಇದು ಕೆಟ್ಟರೆ ಗರಗಸ ಕಚ್ಚಿಕೊಳ್ಳುತ್ತದೆ. ಆನ್‌ಲೈನಿನಲ್ಲಿ ಸಿಗುವ ಪಿಸ್ತೂಲು ಹಿಡಿಯ ಅಗ್ಗದ ಇಕ್ಕಳ ನಡೆಯುತ್ತದೆ, ಆದರೆ ಹಲ್ಲನ್ನು ಒತ್ತುವ ಅದರ ಮೊಳೆ ಸಾಮಾನ್ಯವಾಗಿ ಅಗಲ. ಹತ್ತು ಮೊನೆಗಿಂತ ಸಣ್ಣ ಹಲ್ಲಿಗೆ ಪಕ್ಕದ ಹಲ್ಲನ್ನೂ ಮುಟ್ಟುತ್ತದೆ, ಅರದಿಂದ ಅದನ್ನು ಕಿರಿದು ಮಾಡಿಕೊಳ್ಳಬೇಕು. ಇಕ್ಕಳದ ಚಕ್ರದ ಮೇಲಿನ ಅಂಕಿಯನ್ನು ನಂಬಿ ಎಂಟು ಮೊನೆಗೆ ಎಂಟಕ್ಕೇ ಇಟ್ಟರೆ ಒಣ ಸಾಗವಾನಿಗೆ ಬಾಗು ಹೆಚ್ಚಾಗುತ್ತದೆ. ಹತ್ತಕ್ಕೋ ಹನ್ನೆರಡಕ್ಕೋ ಇಡಿ. 0.9 ಮಿಲಿಮೀಟರ್ ದಪ್ಪದ ಪಟ್ಟಿಗೆ ಹಳಿಯಾಳ, ದಾಂಡೇಲಿ ಕಡೆಯ ಒಣ ಸಾಗವಾನಿಯಲ್ಲಿ ಪ್ರತಿ ಮಗ್ಗುಲಿಗೆ 0.1ರಿಂದ 0.15 ಮಿಲಿಮೀಟರ್ ಬಾಗು ಸಾಕು. ಕುಂಟೆ, ಕೂರಿಗೆಗೆ ಹಸಿ ಜಾಲಿ ಕೊಯ್ಯುವವರಿಗೆ 0.2 ದಾಟಿ ಬೇಕು. ಬಾಗಬೇಕಾದ್ದು ಹಲ್ಲಿನ ಮೇಲರ್ಧ ಮಾತ್ರ. ಬುಡದಿಂದ ಬಾಗಿಸಿದರೆ, ಅಥವಾ ಮೊದಲು ಎಡಕ್ಕಿದ್ದ ಹಲ್ಲನ್ನು ಬಲಕ್ಕೆ ತಿರುಗಿಸಿದರೆ ಟಕ್ಕೆಂದು ಮುರಿಯುತ್ತದೆ. ಒಂದು ಬಿಟ್ಟು ಒಂದಕ್ಕೆ ಮಾರ್ಕರ್ ಹಚ್ಚಿಕೊಂಡರೆ ಈ ತಪ್ಪಾಗುವುದಿಲ್ಲ. ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ತಿರುಚುವ ರೂಢಿಯೂ ಇದೆ. ಕೆಲಸ ಬೇಗ ಮುಗಿಯುತ್ತದೆ, ಬಾಗು ಒಂದೊಂದು ಹಲ್ಲಿಗೆ ಒಂದೊಂದು ಥರ. ಅಡ್ಡ ಕೊಯ್ತದ ಗರಗಸದಲ್ಲಿ ಬಾಗು ಸಮವಾಗಿದ್ದರೆ ಎರಡು ಸಾಲಿನ ನಡುವೆ ಹೊಲಿಗೆ ಸೂಜಿ ಇಟ್ಟು ಗರಗಸ ಓರೆ ಮಾಡಿದಾಗ ಸೂಜಿ ಬೀಳದೆ ಉದ್ದಕ್ಕೆ ಜಾರಿಹೋಗುತ್ತದೆ.

ಬಾಗಿಸಿದ ಮೇಲೆ ಕೊನೆಯ ಹರಿತಕ್ಕೆ ಪ್ರತಿ ಸಂದಿಗೆ ಒಂದೆರಡು ಹಗುರ ಎಳೆತ. ಇದಕ್ಕೆ ಅರದ ಹೊಸ ಮೂಲೆಯನ್ನೇ ಇಟ್ಟುಕೊಳ್ಳಿ. ಕೊಯ್ಯುವಾಗ ಗರಗಸ ಒಂದು ಕಡೆಗೆ ಎಳೆದರೆ, ಎಳೆಯುವ ಮಗ್ಗುಲಿಗೆ ನುಣುಪು ಎಣ್ಣೆಕಲ್ಲನ್ನು ಒಂದೇ ಸಲ ಹಗುರವಾಗಿ ಸವರಿ ಮತ್ತೆ ಕೊಯ್ದು ನೋಡಿ.

ಬಾಳಿಕೆ: ಹಾಳಾದ ಹಲ್ಲನ್ನು ಪೂರ್ತಿ ತಿದ್ದುವ ಕೆಲಸಕ್ಕೆ ಗರಗಸಕ್ಕೊಂದು ಮೂಲೆ ಎಂದು ಹಿಡಿಯಿರಿ, ಬರೀ ಹರಿತ ಮಾಡಲು ಅದೇ ಮೂಲೆ ಮೂರು ನಾಲ್ಕು ಸಲ ಬರುತ್ತದೆ. ಸಾಗವಾನಿಯೊಳಗೆ ಸಿಲಿಕಾ ಇರುವುದರಿಂದ ಗರಗಸ ಬೇಗ ಮೊಂಡಾಗುತ್ತದೆ, ಹಾಗಾಗಿ ಸಾಗವಾನಿ ಕೆಲಸದವರಿಗೆ ಅರದ ಖರ್ಚೂ ಹೆಚ್ಚು. ಉದುರುವ ಕಬ್ಬಿಣ ಎಳೆಯಾಗಿ ಬರದೆ ಹಿಟ್ಟಿನಂತೆ ಬಂದರೆ, ಒತ್ತಡ ಹೆಚ್ಚಿಸಬೇಕೆನಿಸಿದರೆ ಆ ಮೂಲೆ ಮುಗಿದಿದೆ. ಅರದ ಮೇಲೆ ಜಿಪುಣತನ ಮಾಡಿದರೆ ಹಲ್ಲಿನ ಅಳತೆ ಕೆಡುತ್ತದೆ. ಸವೆದ ಅರವನ್ನು ಗುಜರಿಗೆ ಹಾಕಬೇಡಿ. ಮೂರೂ ಮೈಯ ಹಲ್ಲನ್ನು ಸಾಣೆಕಲ್ಲಿನಲ್ಲಿ, ನೀರಲ್ಲಿ ಅದ್ದುತ್ತ ಬಿಸಿಯಾಗದಂತೆ ತೆಗೆದರೆ ಕಟ್ಟಿಗೆ ಕೀಸಿ ನುಣುಪು ಮಾಡುವ ತಗಡಿನ (ಸ್ಕ್ರೇಪರ್) ಅಂಚು ಮಡಿಸಲು ಒಳ್ಳೆಯ ಸಲಾಕೆಯಾಗುತ್ತದೆ.

ಹೊಸ ಅರಗಳನ್ನು ಚೀಲದೊಳಗೆ ಉಳಿ, ಸುತ್ತಿಗೆ ಜೊತೆ ಎಸೆಯಬೇಡಿ. ಒಂದಕ್ಕೊಂದು ತಾಗಿದರೆ ಬಳಸುವ ಮೊದಲೇ ಮೂಲೆ ಉದುರಿರುತ್ತದೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿಡಿ.

ಇಷ್ಟೆಲ್ಲ ಯಾಕೆ, ಅಂಗಡಿಗೇ ಕೊಟ್ಟುಬಿಡೋಣ ಎನ್ನುವವರಿಗೆ: ಕೈಯಿಂದ ಅರ ಹಾಕುವವರಿಗೆ ಕೊಡುವುದಾದರೆ ಕೊಡಿ, ಅಡ್ಡ ಕೊಯ್ಯಲೋ ಸೀಳಲೋ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಎಲ್ಲವನ್ನೂ ನೇರಕ್ಕೇ ಉಜ್ಜಿಕೊಡುವ ಸಾಧ್ಯತೆ ಹೆಚ್ಚು. ಗ್ರೈಂಡರ್ ಚಕ್ರದಲ್ಲಿ ಒಣಗೇ ಉಜ್ಜುವ ಕಡೆ ಮಾತ್ರ ಹಳೆಯ ಕೈಗರಗಸ ಕೊಡಬೇಡಿ. ಹಲ್ಲಿನ ತುದಿ ನೀಲಿಯಾಗಿ ಮರಳಿ ಬಂದರೆ ಅಲ್ಲಿ ಉಕ್ಕಿನ ಗಡಸು ಹೋಗಿದೆ. ಆ ಹಲ್ಲು ಎರಡು ಹಲಗೆ ಕೊಯ್ಯುವುದರೊಳಗೆ ಮೊಂಡಾಗುತ್ತದೆ, ನೀಲಿ ಭಾಗ ಪೂರ್ತಿ ಹೋಗುವವರೆಗೆ ಚಪ್ಪಟೆ ಅರ ಎಳೆದು ಹೊಸ ಹಲ್ಲು ಕಡಿಯದೆ ಬೇರೆ ದಾರಿಯಿಲ್ಲ.